ಒಣ ರಟ್ಟು

ಕೊನೆಯ ಬೋಲ್ಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಗ್ಯಾರೇಜಿನ ಮೇಸ್ತ್ರಿಯ ಮಗಳು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ, ಸ್ಪ್ಯಾನರಿಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಎಳೆದಳು. ಮೂರನೆಯ ಎಳೆತಕ್ಕೆ ಅದು ಕಿರ್ರೆಂದು ಸಡಿಲವಾಯಿತು. ಗೇರ್‌ಬಾಕ್ಸಿನ ತಳದ ತಟ್ಟೆ ಒಂದು ಮೂಲೆಯಲ್ಲಿ ಬಾಯಿಬಿಟ್ಟು, ಹಳೆಯ ಎಣ್ಣೆ ಕೆಳಗಿನ ಟಬ್ಬಿಗೆ ಇಳಿಯತೊಡಗಿತು. ಅವಳು ಟಾರ್ಚು ಹಿಡಿದು ಅದರ ಬಣ್ಣ ನೋಡಿದಳು.

ಎಲ್ಲವೂ ಆ ಬಣ್ಣದ ಮೇಲೆ ನಿಂತಿತ್ತು. ತಾನೇ ಗೇರು ಬದಲಿಸಿಕೊಳ್ಳುವ ಇಂಥ ಗಾಡಿಗಳಲ್ಲಿ ಗೇರಿನ ಎಣ್ಣೆಯೂ ತಣ್ಣಗಾಗಲು ರೇಡಿಯೇಟರಿನೊಳಗೇ ಹೋಗಿ ಬರುತ್ತದೆ. ರೇಡಿಯೇಟರು ಹೊರಗೆ ಸೋರಿದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಒಳಗೊಳಗೇ ಸೋರಿದರೆ ನೀರು ಎಣ್ಣೆಗೆ ಸೇರಿ ಗುಲಾಬಿ ಬಣ್ಣದ ಹಾಲಾಗುತ್ತದೆ. ಆಮೇಲೆ ಗೇರ್‌ಬಾಕ್ಸಿನ ಕತೆ ಮುಗಿದಂತೆ. ಟಬ್ಬಿನಲ್ಲಿದ್ದ ಎಣ್ಣೆ ಕಪ್ಪಾಗಿತ್ತು, ಸೀದ ವಾಸನೆಯೂ ಇತ್ತು. ಆದರೆ ಹಾಲಾಗಿರಲಿಲ್ಲ.

“ಸದ್ಯ, ಬದುಕಿದೆ,” ಎಂದಳು ಅವಳು.

ಗಾಡಿಯ ಪಕ್ಕ ಒಂದು ಜೊತೆ ಪಾಲಿಶ್ ಮಾಡಿದ ಬೂಟು ಬಂದು ನಿಂತಿತು. ನಿಧಾನಯ್ಯ, ಊರಿನ ಶವವಾಹನದ ಡ್ರೈವರ್. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ವೇಗದ ಮುಳ್ಳನ್ನು ಮೂವತ್ತು ದಾಟಿಸದವನಿಗೆ ಜನ ಇಟ್ಟ ಹೆಸರು ಅದು. ಮನೆಯವರು ಇಟ್ಟ ಹೆಸರು ಅವನಿಗೇ ಮರೆತಿದ್ದರೂ ಮರೆತಿರಬಹುದು.

“ಆಗುತ್ತೇನಮ್ಮಾ?”

“ಆಗುತ್ತೆ.”

“ಎಂಟೂವರೆ ಆಯ್ತು.”

“ನಾನು ಗಂಟೆ ಕೇಳಿದ್ನಾ? ಆ ಫಿಲ್ಟರ್ ಡಬ್ಬ ಇತ್ತ ತಳ್ಳಿ.”

ನಿಧಾನಯ್ಯ ತನ್ನ ಹೆಸರಿಗೆ ಕುಂದು ಬಾರದ ಹಾಗೆ ನಿಧಾನವಾಗಿ ಬಗ್ಗಿ ಡಬ್ಬ ತಳ್ಳಿದ.

ಅವಳ ತಲೆಯ ಮೇಲಿದ್ದ ಕರಿಗಾಡಿಯೇ ಆ ಶವವಾಹನ. ಮಂಗಳವಾರ ಮಧ್ಯಾಹ್ನ ಅಪ್ಪ ಅದರ ಸೋರುವ ರೇಡಿಯೇಟರನ್ನು ಬಿಚ್ಚಿ ಗೋಡೆಗೆ ಒರಗಿಸಿ, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು, “ಹೊಸದು ನಾಳೆ ಬರುತ್ತೆ, ಗುರುವಾರ ಗಾಡಿ ತಗೊಂಡು ಹೋಗಯ್ಯ,” ಎಂದು ನಿಧಾನಯ್ಯನಿಗೆ ಮಾತು ಕೊಟ್ಟ. ಟೀ ಲೋಟ ಕೆಳಗಿಟ್ಟು ತಲೆಯನ್ನು ಗೋಡೆಗೆ ಆನಿಸಿದವನು ಮತ್ತೆ ಎತ್ತಲಿಲ್ಲ. ಇವತ್ತು ಗುರುವಾರ. ನಾಲ್ಕು ಗಂಟೆಗೆ ಅಪ್ಪನನ್ನು ಮಣ್ಣು ಮಾಡಬೇಕು. ಊರಿಗೆಲ್ಲ ಇದ್ದದ್ದು ಇದೊಂದೇ ಗಾಡಿ, ಇದರ ಮೂತಿಯಲ್ಲಿ ರೇಡಿಯೇಟರಿನ ಜಾಗ ಖಾಲಿ ಬಿದ್ದಿತ್ತು.

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು ಅವನ ಕಣ್ಣು ಕೆಂಪಾಗಿತ್ತು.

“ಎದ್ದು ಬಾರಮ್ಮ. ಪಕ್ಕದೂರಿನ ಗಾಡಿಗೆ ಹೇಳಿಟ್ಟಿದ್ದೀನಿ. ಎರಡು ಗಂಟೆಗೆ ಒಂದು ಫೋನ್ ಮಾಡಿದ್ರೆ ಹೊರಟು ಬರ್ತಾರೆ.”

“ಬೇಡ ಚಿಕ್ಕಪ್ಪ. ಅಪ್ಪ ಇದರಲ್ಲೇ ಹೋಗ್ಬೇಕು. ಗುರುವಾರ ಅಂತ ಮಾತು ಕೊಟ್ಟಿದ್ರು.”

“ಮಾತು ಕೊಟ್ಟೋನೇ ಇಲ್ವಲ್ಲೇ!” ಚಿಕ್ಕಪ್ಪ ಗಾಡಿಯ ಖಾಲಿ ಮೂತಿಯ ಕಡೆ ಕೈ ತೋರಿಸಿದ. “ಸ್ಮಶಾನದ ದಿಬ್ಬ ಹತ್ತಬೇಕು. ಜನ ಹಿಂದೆ ನಡ್ಕೊಂಡು ಬರ್ತಾರೆ, ಗಾಡಿ ಆಮೆ ಥರ ಹೋಗ್ಬೇಕು. ನಡುದಾರೀಲಿ ಹೊಗೆ ಕಾರಿ ನಿಂತ್ರೆ? ಅಣ್ಣನ್ನ ರಸ್ತೇಲಿ ಇಟ್ಕೊಂಡು ನಾವೆಲ್ಲ ತಳ್ಳೋದಾ? ಹಿಂದೊಂದ್ಸಲ ನೀನು ಮಾಡಿದ್ದು ನನಗೂ ನೆನಪಿದೆ.”

ಆ ಮಾತು ತಾಗಬೇಕಾದಲ್ಲಿ ತಾಗಿತ್ತು.

“ಹೇಗಿದ್ರೂ ನಾಳೆಯಿಂದ ಈ ಶಟರ್ ಎಳೆಯೋದೇ,” ಎಂದ ಚಿಕ್ಕಪ್ಪ, ಸ್ವಲ್ಪ ಮೆತ್ತಗೆ. “ನೀನೊಬ್ಬಳೇ ಏನು ಮಾಡ್ತೀಯ? ಇವತ್ತೊಂದು ದಿನಕ್ಕೆ ಯಾಕೀ ಹಠ?”

“ಎರಡು ಗಂಟೆ ಅಂದ್ರಲ್ಲ. ಅಲ್ಲೀವರೆಗೆ ಫೋನ್ ಮುಟ್ಟಬೇಡಿ.”

*

ಹನ್ನೊಂದು ವರ್ಷದ ಹಿಂದೆ ಅವಳು ಮಾಡಿದ್ದು ಇಷ್ಟು. ಹೆರಿಗೆ ನರ್ಸಮ್ಮನ ಕಾರಿಗೆ ಗೇರಿನ ಎಣ್ಣೆ ಬದಲಿಸಿ, ಅಳತೆಯ ಕಡ್ಡಿ ಅದ್ದಿ ನೋಡಿದಳು. ಕಮ್ಮಿ ಕಂಡಿತು. ಇನ್ನೊಂದು ಲೀಟರ್ ಸುರಿದಳು. ಎಂಜಿನ್ ಓಡುತ್ತಿರುವಾಗ, ಎಣ್ಣೆ ಚೆನ್ನಾಗಿ ಕಾದ ಮೇಲೆ ನೋಡಬೇಕಾದ ಕಡ್ಡಿಯನ್ನು ಅವಳು ತಣ್ಣಗಿದ್ದಾಗಲೇ ನೋಡಿದ್ದಳು. ಮರುದಿನ ನರ್ಸಮ್ಮ ಹೆರಿಗೆಗೆಂದು ಹೊರಟರೆ, ಕಾದ ಎಣ್ಣೆ ಉಬ್ಬಿ ನೊರೆಯಾಗಿ, ಬಿಸಿ ಕೊಳವೆಯ ಮೇಲೆ ಚೆಲ್ಲಿ, ಕಾರು ಹೊಗೆಯ ಮಧ್ಯೆ ನಿಂತುಬಿಟ್ಟಿತು. ಚೀಲ ಹಿಡಿದು ಆಕೆ ಉಳಿದ ದಾರಿಯನ್ನು ಓಡಿದಳು. ಆಕೆ ಮುಟ್ಟುವ ಮೊದಲೇ ಕೂಸು ಬಂದಾಗಿತ್ತು. ತಾಯಿಮಗು ಕ್ಷೇಮವಾಗಿದ್ದುದು ಪುಣ್ಯ.

ಸಂಜೆ ನರ್ಸಮ್ಮ ಬೆಂಕಿಯಾಗಿ ಗ್ಯಾರೇಜಿಗೆ ಬಂದಳು. ಮಗಳು ಟಯರುಗಳ ಹಿಂದೆ ಮುಖ ಮರೆಸಿಕೊಂಡು ನಿಂತಳು.

“ತಪ್ಪು ನನ್ನದಮ್ಮ,” ಎಂದ ಅಪ್ಪ. “ಕಡ್ಡಿ ನೋಡಿದ್ದು ನಾನೇ.”

ಆಕೆ ಹೋದ ಮೇಲೂ ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ದಿನ ಅನ್ನಿಸಿತ್ತು. ಮಾರನೆಯ ಬೆಳಿಗ್ಗೆ ಅವನು ಒಂದು ಕಾನೂನು ಮಾಡಿದ: ಈ ಗ್ಯಾರೇಜಿನಲ್ಲಿ ಕೆಲಸ ಮಾಡಿದವರು ತಮ್ಮ ಕೆಲಸವನ್ನು ತಾವೇ ಪಾಸು ಮಾಡುವಂತಿಲ್ಲ. ಅವಳು ಮಾಡಿದ್ದನ್ನು ಅವನು ನೋಡಬೇಕು, ಅವನು ಮಾಡಿದ್ದನ್ನು ಅವಳು ನೋಡಬೇಕು. ಮೂವತ್ತು ವರ್ಷ ಕೈ ಪಳಗಿದ ಮೇಸ್ತ್ರಿ ಅಂದಿನಿಂದ ತನ್ನ ಕೆಲಸ ಮುಗಿಸಿ, “ಬಾರಮ್ಮ, ಕಡ್ಡಿ ನೋಡು,” ಎಂದು ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ.

ರೇಡಿಯೇಟರಿನ ಕೆಲಸವಾದರೆ ಕೊನೆಗೆ ರಟ್ಟು. ಗಾಡಿಯನ್ನು ಸ್ಮಶಾನದ ದಿಬ್ಬ ಹತ್ತಿಸಬೇಕು, ಊರಿನಲ್ಲಿ ಅದಕ್ಕಿಂತ ಕಡಿದಾದ ಏರು ಇಲ್ಲ. ಹಾಗಾಗಿ ಆ ಊರಿನ ಕಾರುಗಳೆಲ್ಲ ತಮ್ಮ ಯಜಮಾನರಿಗಿಂತ ಮೊದಲೇ ಸ್ಮಶಾನ ನೋಡಿ ಬಂದಿದ್ದವು. ಹತ್ತಿ ನಿಲ್ಲಿಸಿ, ಎಂಜಿನ್ನಿನ ಅಡಿಗೆ ಒಂದು ಶುಭ್ರವಾದ ರಟ್ಟು ತಳ್ಳಿ, ಒಂದು ಗಂಟೆ ಬಿಡಬೇಕು. ರಟ್ಟು ಒಣಗಿದ್ದರೆ, ಕೆಲಸ ಮಾಡದ ಇನ್ನೊಬ್ಬರು ಅಪ್ಪನ ಕಿವಿಯ ಹಿಂದಿನ ಮೋಟು ಪೆನ್ಸಿಲಿನಲ್ಲಿ ಅದರ ಮೇಲೆ ತಾರೀಕು ಬರೆದು ಸಹಿ ಹಾಕಿ ಯಜಮಾನರಿಗೆ ಕೊಡಬೇಕು. ಒಂದೇ ಒಂದು ಹನಿ ಇದ್ದರೂ ಕೆಲಸ ಮತ್ತೆ ಮೊದಲಿನಿಂದ.

*

ಹನ್ನೆರಡರ ಹೊತ್ತಿಗೆ ಹೊಸ ಫಿಲ್ಟರು ಕೂತಿತ್ತು, ತಟ್ಟೆ ತೊಳೆದು ಮೇಲೇರಿತ್ತು, ನಿನ್ನೆ ಬಂದಿದ್ದ ಹೊಸ ರೇಡಿಯೇಟರು ಮೂತಿಯಲ್ಲಿ ನಿಂತಿತ್ತು. ಅವಳು ಹಿತ್ತಲ ನಲ್ಲಿಯಲ್ಲಿ ನೀರು ಹಿಡಿಯುವಾಗ ಮನೆಯ ಕಿಟಕಿಯಿಂದ ಮಾತು ಕೇಳಿಸಿತು. ಗ್ಯಾರೇಜಿಗೂ ಮನೆಗೂ ಒಂದೇ ಗೋಡೆ. ಅಪ್ಪ ಆ ಗೋಡೆಯ ಆಚೆ ನಡುಮನೆಯಲ್ಲಿ ಮಲಗಿದ್ದ.

“ತಂದೆ ಹೀಗೆ ಮಲಗಿದ್ದಾರೆ, ಮಗಳು ನೋಡಿದ್ರೆ ಅಲ್ಲಿ ಕುಟ್ತಾ ಕೂತಿದ್ದಾಳೆ,” ಎಂದಿತು ಒಂದು ಗಂಡು ದನಿ. “ಒಂದು ತೊಟ್ಟು ಕಣ್ಣೀರಾದರೂ ಬೇಡವಾ?”

“ನಿಮ್ಮ ಕಾರು ಸ್ಟಾರ್ಟ್ ಆಗದಿದ್ದಾಗ ಅವಳ ಕಣ್ಣೀರು ಬೇಕಿತ್ತಾ, ಕೈ ಬೇಕಿತ್ತಾ?” ಅದು ನರ್ಸಮ್ಮನ ದನಿ, ವಯಸ್ಸಾದರೂ ಖಾರ ಇಳಿದಿರಲಿಲ್ಲ. “ಹಿಂದೆ ನನ್ನ ಕಾರು ಕೆಟ್ಟಾಗ ಮೇಸ್ತ್ರಿ ತಪ್ಪು ತಂದು ತನ್ನ ತಲೆ ಮೇಲೆ ಹಾಕ್ಕೊಂಡ್ರು. ಅಪ್ಪಟ ಸುಳ್ಳು. ಟಯರ್ ಹಿಂದೆ ಈ ಹುಡುಗಿ ಬಿಕ್ಕೋದು ನನಗೆ ಕೇಳಿಸ್ತಿತ್ತು. ಅವತ್ತಿಂದ ನನ್ನ ಕಾರು ಅವಳ ಕೈಗೇ ಕೊಡೋದು. ಅಷ್ಟು ಅತ್ತೋಳು ಆ ತಪ್ಪು ಮತ್ತೆ ಮಾಡಲ್ಲ ಅಂತ.”

ಬಕೆಟ್ಟು ತುಂಬಿ ಹರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿ, ತೋಳಿನಿಂದ ಕಣ್ಣು ಒರೆಸಿಕೊಂಡು, ಬಕೆಟ್ಟು ಎತ್ತಿಕೊಂಡು ಹೋದಳು.

ನೀರು ತುಂಬಿಸಿ, ಕೆಂಪು ಎಣ್ಣೆ ಹೊಯ್ದು, ಎಂಜಿನ್ ಶುರು ಮಾಡಿದಳು. ಬ್ರೇಕು ತುಳಿದು ಗೇರಿನ ಹಿಡಿಯನ್ನು ಒಂದೊಂದೇ ಮನೆಗೆ ಸರಿಸಿ ತಂದಳು. ಕಾಯಲು ಬಿಟ್ಟಳು. ಇನ್ನು ಕಡ್ಡಿ ನೋಡಬೇಕು. “ಅಪ್ಪಾ” ಎನ್ನಲು ಬಾಯಿ ತೆರೆದದ್ದೂ ಆಯಿತು. ಅವಳು ಗಾಡಿಯ ಮೂತಿಯ ಅಂಚಿಗೆ ಎರಡೂ ಕೈ ಊರಿ ನಿಂತಳು.

“ಒಂದೂ ಮುಕ್ಕಾಲು. ನಿನ್ನ ಚಿಕ್ಕಪ್ಪ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿದ್ದಾನೆ.”

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಮಗಳು ನೀಲಿ ಅಂಗಿ ತೊಟ್ಟು ಸ್ಪ್ಯಾನರು ಹಿಡಿದ ದಿನ, “ಗಂಡನ್ನಂತೂ ಈ ಎಣ್ಣೆಗೆ ಬಿಟ್ಟುಕೊಟ್ಟೆ, ಮಗಳನ್ನೂ ಕೊಡಬೇಕಾ?” ಎಂದು ಜಗಳವಾಡಿದ ಅಮ್ಮ, ಆಮೇಲೆ ಶಟರಿನ ಕಬ್ಬಿಣದ ಪಟ್ಟಿ ದಾಟಿ ಒಳಗೆ ಕಾಲಿಟ್ಟವಳಲ್ಲ. ಊಟಕ್ಕೆ ಕರೆಯುವುದೂ ಅಲ್ಲಿಂದಲೇ.

“ಅಮ್ಮ, ಒಳಗೆ ಬಾ.”

“ನಾನ್ಯಾಕೆ?”

“ಮಾಡಿದೋರು ನೋಡೋ ಹಾಗಿಲ್ಲ. ಅಪ್ಪನ ಕಾನೂನು. ಈ ಮನೇಲಿ ಇನ್ನು ಇರೋಳು ನೀನೊಬ್ಬಳೇ.”

ಅಮ್ಮ ಪಟ್ಟಿಯನ್ನು ನೋಡಿದಳು, ಮಗಳನ್ನು ನೋಡಿದಳು. ಬಟ್ಟೆಯ ಅಂಚು ಎತ್ತಿ ಹಿಡಿದು ದಾಟಿ ಬಂದಳು. ಮಗಳು ಅಲುಗುತ್ತಿದ್ದ ಎಂಜಿನ್ನಿನಿಂದ ಕಡ್ಡಿ ಎಳೆದು, ತಾನು ಮುಖ ಆಚೆ ತಿರುಗಿಸಿ, ಅಮ್ಮನ ಕೈಗೆ ಕೊಟ್ಟಳು.

“ಎರಡು ಗೆರೆ ಇದೆ. ಎಣ್ಣೆ ಎಲ್ಲೀವರೆಗೆ ಇದೆ ಹೇಳು.”

“ನಂಗೇನೇ ಗೊತ್ತಾಗುತ್ತೆ ಇದೆಲ್ಲ?”

“ಗೊತ್ತಾಗೋದು ಬೇಡ. ಕಂಡಿದ್ದು ಹೇಳು.”

ಅಮ್ಮ ಕನ್ನಡಕ ಇಳಿಸಿ ಕಡ್ಡಿಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. “ಕೆಳಗಿನ ಗೆರೆ ಮುಳುಗಿದೆ. ಮೇಲಿನದಕ್ಕೆ ಒಂದು ಅಕ್ಕಿಕಾಳಿನಷ್ಟು ಕಮ್ಮಿ.”

“ಒರೆಸಿ ಕೊಡು. ಇನ್ನೊಂದ್ಸಲ.”

“ಅಪ್ಪನ ಥರಾನೇ ಹಿಂಸೆ ನಿಂದು.” ಅಮ್ಮ ಮತ್ತೆ ನೋಡಿದಳು. “ಅಷ್ಟೇ ಇದೆ. ಅಕ್ಕಿಕಾಳು.”

ಅಷ್ಟೇ ಇರಬೇಕಾದದ್ದು. ಮಗಳು ಕಡ್ಡಿಯನ್ನು ಅದರ ಜಾಗಕ್ಕೆ ಇಳಿಸಿದಳು. ಅಮ್ಮ ಹಿತ್ತಲ ಕಡೆ ತಿರುಗಿ ಕೂಗಿದಳು: “ಆ ಫೋನ್ ಕೆಳಗಿಡಪ್ಪಾ! ಗಾಡಿ ತಯಾರಿದೆ!”

*

ನಾಲ್ಕಕ್ಕೆ ಕರಿಗಾಡಿ ಹೊರಟಿತು. ಮಗಳು ಕೈ ತೊಳೆದು, ಬೇರೆ ಬಟ್ಟೆ ಹಾಕಿಕೊಂಡು, ನಿಧಾನಯ್ಯನ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಒಂದು ರಟ್ಟು. ಅಪ್ಪನ ಪೆನ್ಸಿಲಿಗಾಗಿ ಗ್ಯಾರೇಜೆಲ್ಲ ಹುಡುಕಿದ್ದಳು, ಸಿಕ್ಕಿರಲಿಲ್ಲ. ಹಿಂದೆ ಅಪ್ಪ, ಅವನ ಹಿಂದೆ ಅಮ್ಮ ಮತ್ತು ಊರ ಜನ. ಚಿಕ್ಕಪ್ಪ ಮಾತ್ರ ಗಾಡಿಯ ಪಕ್ಕದಲ್ಲಿ, ಬಾಗಿಲಿನ ಮೇಲೆ ಅಂಗೈ ಇಟ್ಟು ನಡೆಯುತ್ತಿದ್ದ. ನಿಂತರೆ ತಳ್ಳಲು ತಯಾರಾಗಿಯೇ ಬಂದಿದ್ದ.

ದಿಬ್ಬದ ಅರ್ಧಕ್ಕೆ ಬಿಸಿಯ ಮುಳ್ಳು ನಡುಗೆರೆ ದಾಟಿತು. ನಿಧಾನಯ್ಯ ಓರೆಗಣ್ಣಿನಲ್ಲಿ ಅವಳನ್ನು ನೋಡಿದ.

“ಸ್ವಲ್ಪ ಜೋರಾಗಿ ಬಿಟ್ರೆ ಗಾಳಿ ಆಡುತ್ತೇನೋ,” ಎಂದ. ಅವನ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು.

“ಬೇಡ. ಹಿಂದೆ ಅಮ್ಮ ನಡೀತಿದ್ದಾಳೆ. ಹೀಟರ್ ಪೂರ್ತಿ ತಿರುಗಿಸಿ.”

“ಈ ಸೆಕೇಲಿ?”

“ಎಂಜಿನ್ನಿನ ಬಿಸಿ ನಮ್ಮ ಮೇಲೆ ಬರಲಿ. ತಡ್ಕೊಳ್ಳಿ.”

ಬಿಸಿಗಾಳಿ ಮುಖಕ್ಕೆ ರಾಚಿತು. ಇಬ್ಬರೂ ಬೆವರಿ ತೊಪ್ಪೆಯಾದರು. ಮುಳ್ಳು ಇನ್ನೊಂದು ಕೂದಲೆಳೆ ಏರಿ ನಿಂತಿತು. ಮುಂದೆ ಫ್ಯಾನು ಗುರ್ರೆಂದು ಎದ್ದಿತು. ಮುಳ್ಳು ಇಳಿಯತೊಡಗಿತು, ನಡುಗೆರೆಗೆ ಬಂದು ಅಲ್ಲೇ ಕೂತಿತು. ಗೇರು ಬದಲಾದದ್ದು ಗೊತ್ತೇ ಆಗಲಿಲ್ಲ. ಮೇಲೆ ಮುಟ್ಟಿದಾಗ ಚಿಕ್ಕಪ್ಪ ಬಾಗಿಲಿನಿಂದ ಕೈ ತೆಗೆದು, ಆ ಕೈಯನ್ನೇ ನೋಡಿಕೊಂಡ. ಆಮೇಲೆ ಮಗಳ ಕೈಯಿಂದ ರಟ್ಟು ಇಸಿದುಕೊಂಡು, ತಾನೇ ಬಗ್ಗಿ ಎಂಜಿನ್ನಿನ ಅಡಿಗೆ ತಳ್ಳಿದ.

ಮಣ್ಣು ಮಾಡಿದ್ದಾಯಿತು. ಹಿಡಿ ಮಣ್ಣು ಹಾಕುವಾಗ ಅವಳು ಅತ್ತಳು, ಬೆಳಿಗ್ಗೆಯಿಂದ ಕಟ್ಟಿಕೊಂಡದ್ದನ್ನೆಲ್ಲ ಅತ್ತಳು. ನರ್ಸಮ್ಮ ಅವಳ ಬೆನ್ನು ಸವರುತ್ತ ನಿಂತಿದ್ದಳು. ಜನ ಕರಗಿದರು. ಹೊತ್ತು ಇಳಿಯಿತು.

ಅಮ್ಮ ಯಾರ ಕೈಯನ್ನೂ ಹಿಡಿಯದೆ ನೇರ ಗಾಡಿಯ ಬಳಿಗೆ ನಡೆದಳು. ಒಳ್ಳೆಯ ಬಟ್ಟೆಯಲ್ಲೇ ಧೂಳಿನಲ್ಲಿ ಮಂಡಿಯೂರಿ, ತೋಳು ಚಾಚಿ ರಟ್ಟನ್ನು ಹೊರಗೆಳೆದಳು. ಆ ಮಗ್ಗುಲು ತಿರುಗಿಸಿದಳು, ಈ ಮಗ್ಗುಲು ತಿರುಗಿಸಿದಳು. ಅಂಗೈಯಿಂದ ಮೂಲೆಮೂಲೆ ಸವರಿ, ಬೆಳಕಿಗೆ ಹಿಡಿದು ನೋಡಿದಳು.

“ಒಣಗಿದೆ,” ಎಂದಳು.

ಕೈಚೀಲ ಬಿಚ್ಚಿ, ಮೊನ್ನೆ ಗಂಡನ ಮೈ ತೊಳೆಯುವಾಗ ಅವನ ಕಿವಿಯ ಹಿಂದಿನಿಂದ ತೆಗೆದಿಟ್ಟ ಮೋಟು ಪೆನ್ಸಿಲನ್ನು ಹೊರಗೆ ತೆಗೆದಳು. ರಟ್ಟನ್ನು ಬಾನೆಟ್ಟಿನ ಮೇಲಿಟ್ಟು ತಾರೀಕು ಬರೆದಳು, ಕೆಳಗೆ ದುಂಡಗೆ ತನ್ನ ಸಹಿ ಹಾಕಿದಳು. ನಿಧಾನಯ್ಯ ಟೋಪಿ ತೆಗೆದು ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡ. ಅಮ್ಮ ಕೈಚೀಲದ ಬಾಯಿ ಮುಚ್ಚಿ, ಮಗಳ ಕಡೆ ತಿರುಗಿ, ಬೆವರಿಗೆ ಅಂಟಿದ ಅವಳ ಕೂದಲು ಸರಿಸಿ, ಪೆನ್ಸಿಲನ್ನು ಅವಳ ಕಿವಿಯ ಹಿಂದೆ ಸಿಕ್ಕಿಸಿದಳು.