ಜೀವ ಇದ್ದವನಿಗೊಂದು ಅಳು

ತೌಡಿನ ವಾಸನೆ ಇನ್ನೂ ಹೋಗಿಲ್ಲ, ಗೋಡೆಗೆ ಗುಲಾಬಿ ಬಣ್ಣ ಬಳಿದಿದ್ದಾರೆ, ಮೇಲಿನ ತಗಡು ಕಾಣದ ಹಾಗೆ ಬಿಳಿ ಬಟ್ಟೆ ಎಳೆದು ಕಟ್ಟಿದ್ದಾರೆ, ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯರು, ಆದರೂ ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಅದೇ, ತೌಡು, ಭತ್ತದ ಹೊಟ್ಟು — ಕಲ್ಯಾಣ ಮಂಟಪ ಆಗಿ ನಾಲ್ಕು ವರ್ಷವಾಯಿತಂತೆ, ಆಗಲಿ, ನನಗೆ ಇದು ಇವತ್ತಿಗೂ ಗಂಗಾವತಿಯ ಬಂದ್ ಬಿದ್ದ ರೈಸ್ ಮಿಲ್ಲೇ, ನಾನು ದೆವ್ವವಾಗಿದ್ದ ಮಿಲ್ಲು, ಅಗೋ ಆ ಮೂಲೆಯಲ್ಲಿ, ಈಗ ಐಸ್‌ಕ್ರೀಮಿನ ಟೇಬಲ್ಲು ಹಾಕಿದ್ದಾರಲ್ಲ, ಅಲ್ಲೇ ಬಿಳಿ ಸೀರೆ ಉಟ್ಟು ಕೂದಲು ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಮುಂದಿನ ಸಾಲಿನ ನನ್ನ ಕುರ್ಚಿಗೆ ಚೀಟಿ ಅಂಟಿಸಿದ್ದಾರೆ, ಕನಕಮ್ಮ, ಕುಕನೂರು, ಮೊದಲ ಚಿತ್ರದ ದೆವ್ವ — ಟೇಲರ್ ಅಂತ ಬರೆದಿದ್ದರೆ ಕೈ ಸವೆಯುತ್ತಿತ್ತೇನೋ, ಇಪ್ಪತ್ತೆರಡು ವರ್ಷ ಮಷಿನ್ ತುಳಿದವಳಿಗೆ ಹನ್ನೊಂದು ದಿನದ ದೆವ್ವವೇ ಹೆಸರಾಯಿತು. ಪಕ್ಕದಲ್ಲಿ ಮುರ್ತುಜಾಸಾಬ, ಆಗ ಈ ಮಿಲ್ಲಿನ ಕಾವಲುಗಾರ, ದೊಡ್ಡ ಫ್ಯಾನಿನ ಮುಂದೆ ಬುಟ್ಟಿಗಟ್ಟಲೆ ಹೊಟ್ಟು ತೂರುತ್ತಿದ್ದ, ಪಿಚ್ಚರಿನಲ್ಲಿ ಅದೇ ಮಂಜು, ಕನಕಮ್ಮಾರ, ಆ ಧೂಳು ಇನ್ನೂ ನನ್ನ ಎದಿಯಾಗ ಐತ್ರಿ ಅಂತ ನಗುತ್ತಾನೆ, ನಗುತ್ತ ಕೆಮ್ಮುತ್ತಾನೆ, ನಮ್ ಗೋವಿಂದರಾಜ ಎಷ್ಟ್ ದೊಡ್ಡಾಂವ ಆದ ನೋಡ್ರಿ, ಆದ ಆದ ಅಂದೆ, ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅವನ ಮುಖ ಈ ಗೋಡೆಯಿಂದ ಆ ಗೋಡೆಯವರೆಗೆ ಇದೆ, ಹಲ್ಲು ಒಂದೊಂದು ಇಟ್ಟಿಗೆಯಷ್ಟು. ಪಿಚ್ಚರ್ ಡೈರೆಕ್ಟರ್ ಆದವನಿಗೆ ಇವತ್ತು ಸನ್ಮಾನ, ನಾನು ಶಾಲು ಹೊದಿಸಬೇಕಂತೆ. ಹೊದಿಸುತ್ತೇನೆ. ಹೊದಿಸಿದ ಮೇಲೆ ಎರಡು ಮಾತು ಅಂತ ಮೈಕು ಕೇಳುತ್ತೇನೆ, ಕೊಡುತ್ತಾರೆ, ಯಾಕೆ ಕೊಡುವುದಿಲ್ಲ, ಆಮೇಲೆ ಅವನ ಎದುರಿಗೆ ಕೂತು, ಅವನ ಹೆಸರು ಹಿಡಿದು, ಹಾಡ್ಯಾಡಿ ಅಳುತ್ತೇನೆ.

ಹಾಡ್ಯಾಡಿ ಅಳುವುದು ಅಂದರೆ ಏನೆಂದು ಬೆಂಗಳೂರಿನಿಂದ ಅವನ ಜೊತೆ ಬಂದಿರುವ ಕರಿ ಕನ್ನಡಕದವರಿಗೆ ಗೊತ್ತಿಲ್ಲ, ಈ ಹಾಲಿನಲ್ಲಿರುವ ಪ್ರತಿ ಹೆಂಗಸಿಗೂ ಗೊತ್ತು. ಸತ್ತವರ ಮುಂದೆ ಕೂತು, ಅವರ ಹೆಸರು ಕರೆದು, ಅವರು ಮಾಡಿದ್ದು ಉಂಡದ್ದು ಬೈದದ್ದು ಎಲ್ಲವನ್ನೂ ರಾಗ ಎಳೆದು ಹೇಳುತ್ತ ಅಳುವುದು — ನಮ್ಮವ್ವ ಹುಲಗಮ್ಮ ಕೂತರೆ ಎಮ್ಮೆ ಕೂಡ ಮೇವು ಬಿಟ್ಟು ನಿಲ್ಲುತ್ತಿತ್ತು, ಯಲಬುರ್ಗಿಯ ಕಡೆಯಿಂದಲೂ ಕರೆಯಲು ಬರುತ್ತಿದ್ದರು, ಹುಲಗಮ್ಮ ಬಂದು ಅತ್ತರೆ ಸತ್ತವರಿಗೆ ದಾರಿ ಸಲೀಸು ಅಂತ. ನನಗೆ ಕಲಿಸಿದವಳೂ ಅವಳೇ, ಶೇಂಗಾ ಬಿಡಿಸುತ್ತ ಕೂತಾಗ, ದನಿ ಹಿಂಗ ಎತ್ತಬೇಕು, ಉಸುರು ಇಲ್ಲಿ ಹಿಡಿಬೇಕು, ನಾನು ಆಟಕ್ಕೆ ಪಕ್ಕದ ಮನೆಯ ಶಿವಲಿಂಗಮ್ಮನ ಹೆಸರು ಹಿಡಿದು ಶುರು ಮಾಡಿದೆ, ಅವ್ವ ಕೈಯಲ್ಲಿದ್ದ ಮೊರದಿಂದಲೇ ಬೀಸಿ ಹೊಡೆದಳು, ಜೀವ ಇದ್ದವರ ಹೆಸರು ಹಾಡ್ಯಾಡಿ ಅಳಬಾರ್ದು ಹುಚ್ಚಿ, ಸಾವು ಅವರನ್ನ ಹುಡುಕ್ಕೋಂತ ಹೋಕ್ಕೈತಿ. ಹುಡುಕಿಕೊಂಡು ಹೋಗಲಿ. ಅದಕ್ಕೇ ಬಂದಿದ್ದೇನೆ ಅವ್ವಾ, ಮೊರದಿಂದ ಹೊಡೆಯಲು ನೀನೂ ಈಗ ಇಲ್ಲ. ಎರಡು ತಿಂಗಳು, ಆಮಂತ್ರಣ ಬಂದ ದಿನದಿಂದ, ಮಷಿನ್ ತುಳಿಯುತ್ತ ತುಳಿಯುತ್ತ ಕಟ್ಟಿದ್ದೇನೆ ಅವನ ಅಳು, ಹಳೆಯ ಅಳತೆ ಪುಸ್ತಕ ಹುಡುಕಿ ತೆಗೆದೆ, ಅವನ ಮೊದಲ ಕೋಟು ಹೊಲಿದವಳು ನಾನೇ — ಹದಿನಾರಿಂಚಿನ ಭುಜದಾಂವಾ, ನನ್ನ ತಮ್ಮಾ, ಮೂವತ್ನಾಕರ ಎದಿಯಾಂವಾ, ಏಳೋ, ಎದ್ದು ನೋಡೋ, ಎಷ್ಟ್ ಮಂದಿ ಬಂದಾರ ನಿನ್ನ ನೋಡಾಕ — ಚೆನ್ನಾಗಿ ಬಂದಿದೆ, ಅವ್ವನಿದ್ದರೆ ಅವಳೂ ಚೆನ್ನಾಗಿದೆ ಅನ್ನುತ್ತಿದ್ದಳು, ಬಾಯಿ ಬಿಟ್ಟು ಅನ್ನದಿದ್ದರೂ. ಹೊಲಿಯುವಾಗ ಒಮ್ಮೆ ನನಗೇ ಮೈ ಜುಮ್ಮೆಂದು ದಾರ ತುಂಡಾಯಿತು.

ಅಕ್ಕಾ ಅಕ್ಕಾ ಅನ್ನುತ್ತಲೇ ಬಂದ ಅಂಗಡಿಗೆ, ಹದಿಮೂರು ವರ್ಷದ ಹಿಂದೆ, ಹೆಗಲಿಗೆ ಕ್ಯಾಮೆರಾ ಚೀಲ, ಕಾಲಲ್ಲಿ ಹರಿದ ಚಪ್ಪಲಿ, ಅಲ್ಲಿಯವರೆಗೆ ಕುಷ್ಟಗಿ ಕೊಪ್ಪಳ ಅಂತ ತಿರುಗಿ ಮದುವೆ ವಿಡಿಯೊ ತೆಗೆಯುತ್ತಿದ್ದವನು, ಈಗ ಪಿಚ್ಚರ್ ಮಾಡ್ತೀನಿ ಅಕ್ಕಾ, ದೆವ್ವದ ಪಿಚ್ಚರ್, ಅದಕ್ಕ ಹೀರೋ ಬೇಕಾಗಂಗಿಲ್ಲ, ಕತ್ತಲಿ ಇದ್ರ ಸಾಕು, ಒಂದು ಬಿಳಿ ಸೀರಿ ರೆಡಿ ಮಾಡಿಕೊಡು. ಬಿಳಿ ಯಾಕೋ, ನಮ್ಮಲ್ಲಿ ಮುತ್ತೈದೆ ಸತ್ತರೆ ಹಸಿರು ಸೀರೆ ಉಡಿಸಿ ಕಳಿಸುತ್ತೇವೆ, ಹಸಿರು ಉಟ್ಟು ಹೋದವಳು ಬಿಳಿ ಉಟ್ಟು ಹೆಂಗ ವಾಪಸ್ ಬರ್ತಾಳೋ ಅಂದೆ, ಬಿದ್ದು ಬಿದ್ದು ನಕ್ಕ, ಖರೇ ಅಕ್ಕಾ, ಆದ್ರ ಮಂದಿಗೆ ಬಿಳಿನೇ ಬೇಕು. ದೆವ್ವ ಆಗಬೇಕಾದ ಹುಡುಗಿ ಮೊದಲ ದಿನವೇ ಹೊಟ್ಟಿನ ಧೂಳಿಗೆ ಸೀನಿ ಸೀನಿ ಓಡಿಹೋದಳು, ನೀನ ಉದ್ದ ಅದಿ ಅಕ್ಕಾ, ನೀನ ನಿಂದ್ರು, ನಿಂತೆ, ನನಗೂ ಆಸೆ ಇತ್ತು, ಇಲ್ಲ ಅನ್ನಲಾರೆ. ರಾತ್ರಿ ಹೊತ್ತು ಕೂಗಿದರೆ ಅಕ್ಕಪಕ್ಕದವರು ಗಲಾಟೆ ಮಾಡುತ್ತಾರೆಂದು ಅವನು ಸ್ಟಾರ್ಟ್ ಅನ್ನುತ್ತಿರಲಿಲ್ಲ, ಸೊಂಟದ ಹತ್ತಿರ ಎರಡು ಬೆರಳು ಎತ್ತುತ್ತಿದ್ದ, ಅಷ್ಟೇ, ಕ್ಯಾಮೆರಾ ಶುರುವಾಗುತ್ತಿತ್ತು. ಗಂಗಾವತಿಯಲ್ಲಿ ಶೂಟಿಂಗ್ ಇಲ್ಲದ ದಿನ ಕುಕನೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಬೀಳುತ್ತಿದ್ದ, ಅವ್ವ ರೊಟ್ಟಿ ತಟ್ಟಿ ತಟ್ಟಿ ಹಾಕುತ್ತಿದ್ದಳು, ಉಣ್ಣೋ, ದೆವ್ವ ನಿನ್ನ ನೋಡಿ ಅಂಜತಾವು, ಅಷ್ಟು ಒಣಗೀದಿ, ಅವನು ಅವಳ ಕಾಲ ಬಳಿ ಕೂತು ಅವಳ ಅಳುವಿನ ಹಾಡುಗಳ ಬಗ್ಗೆ ಕೇಳುತ್ತಿದ್ದ, ಒಂದು ಹಾಡಿ ತೋರಿಸು ಅವ್ವಾ ಅಂತ, ಹೆಣ ಇಲ್ದ ಅಳಬಾರ್ದಪಾ, ಅವ್ವ ಬಾಯಿ ಬಿಡಲಿಲ್ಲ. ಹತ್ತು ದಿನದ ಶೂಟಿಂಗ್ ಮುಗಿದ ಮರುದಿನ ಬೆಳಿಗ್ಗೆ ಅವ್ವ ಚಹಾ ಕುಡಿದು ಲೋಟ ಕೆಳಗಿಟ್ಟು ಗೋಡೆಗೆ ಒರಗಿದವಳು ಏಳಲಿಲ್ಲ. ನಮ್ಮಲ್ಲಿ ಹೆಣ ಕೂರಿಸುತ್ತಾರೆ, ಅದೇ ಗೋಡೆಗೆ ಆನಿಸಿ ಕೂರಿಸಿದರು, ಹೊಸ ಸೀರೆ, ಹೂವಿನ ಮಾಲೆ, ಹಣೆಗೆ ವಿಭೂತಿ, ತಲೆಯ ಮೇಲೆ ಗೋಡೆಯ ಗೂಡಿನಲ್ಲಿ ಎಣ್ಣೆಯ ದೀಪ. ನಾನು ಎದುರಿಗೆ ಕೂತೆ, ಊರಿಗೆಲ್ಲ ಅತ್ತವಳಿಗೆ ಅಳುವವಳು ನಾನೊಬ್ಬಳೇ ಉಳಿದಿದ್ದೆ, ಹಸದು ಬಂದವ್ರಿಗೆ ರೊಟ್ಟಿ ಹಾಕಿದಾಕೀ, ನನ್ನವ್ವಾ, ನಾನು ಬಿಸಿ ರೊಟ್ಟಿ ತಟ್ಟೀನಿ ಏಳವ್ವಾ, ದನಿ ಎಲ್ಲಿಂದ ಬಂತೋ, ಅದು ನನ್ನದಲ್ಲ, ಅವಳದೇ, ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು, ಬಾಗಿಲಲ್ಲಿ ಗೋವಿಂದರಾಜ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಕಣ್ಣ ತಗಿಯವ್ವಾ, ಒಂದ್ಸಲ ಕಣ್ಣ ತಗಿ ಅಂತ ಮುಖ ಎತ್ತಿದೆ — ಗೂಡಿನಲ್ಲಿ ಕೆಂಪು. ಗುಲಗಂಜಿಯಷ್ಟು. ದೀಪದ ಕುಡಿ ಇರಬೇಕು ಅಂದುಕೊಂಡೆ, ಅಲ್ಲ, ದೀಪ ಆ ಪಕ್ಕಕ್ಕಿತ್ತು, ಇದು ಮಿಣುಕುತ್ತಿತ್ತು, ಆರಿ ಹತ್ತಿ, ಆರಿ ಹತ್ತಿ, ಅದರ ಹಿಂದೆ ಅಂಗೈಯಷ್ಟಗಲದ ಕರಿ ಯಂತ್ರ, ಸದ್ದು ಹಿಡಿಯುವುದು, ನನ್ನ ದನಿ ಅಲ್ಲೇ ಮುರಿಯಿತು. ಯಾಕ ನಿಲ್ಲಿಸಿದಿ ಕನಕಾ, ಮುಗಸು, ಅರ್ಧಕ್ಕ ಬಿಡಬಾರ್ದು ಅಂದರು ಹೆಂಗಸರು. ಬಾಯಿ ತೆರೆದೆ, ಬರಲಿಲ್ಲ. ಅವ್ವ ಅರ್ಧ ಅಳುವಿನಲ್ಲಿ ಹೋದಳು.

ಗಾಳಿ ಸಪ್ಪಳ ಹಿಡಿಯಾಕ ಇಟ್ಟಿದ್ದೆ ಅಕ್ಕಾ, ಬಂದ್ ಮಾಡೋದು ಮರ್ತೆ, ಅಳಿಸಿಬಿಡ್ತೀನಿ, ನಮ್ಮವ್ವನ ಆಣಿ, ಅಂದ ಗೋವಿಂದರಾಜ. ನಂಬಿದೆ, ಅಷ್ಟು ಅತ್ತಿದ್ದನಲ್ಲ, ಆ ಕಣ್ಣೀರು ಸುಳ್ಳಲ್ಲ, ನನ್ನನ್ನು ಇವತ್ತಿಗೂ ಸುಡುವುದು ಅದೇ, ಸುಳ್ಳೇ ಅತ್ತಿದ್ದರೆ ಎಂದೋ ಮರೆಯುತ್ತಿದ್ದೆ, ಅವನು ನಿಜವಾಗಿ ಅತ್ತ, ಅಳುತ್ತಲೇ ಹಿಡಿದುಕೊಂಡ. ಉಳಿದ ಒಂದು ದಿನದ ಶೂಟಿಂಗೂ ಮುಗಿಸಿಕೊಟ್ಟೆ, ಪಿಚ್ಚರಿಗೆ ಏಳನೇ ಗೋದಾಮು ಅಂತ ಹೆಸರಿಟ್ಟ, ಮೈದಾ ಹಿಟ್ಟಿನ ಅಂಟು ಕಾಯಿಸಿಕೊಟ್ಟೆ, ಪೋಸ್ಟರನ್ನು ಅವನೇ ಅಂಟಿಸಿದ, ಕೊಪ್ಪಳದ ಬಸ್‌ಸ್ಟ್ಯಾಂಡಿನಿಂದ ಕುಷ್ಟಗಿಯ ಸಂತೆಯವರೆಗೆ. ಗಂಗಾವತಿಯ ಟಾಕೀಸಿನಲ್ಲಿ ಮೊದಲ ಆಟ, ಮಧ್ಯಾಹ್ನ, ನಾದಿನಿ ದ್ರಾಕ್ಷಾಯಿಣಿಯ ಜೊತೆ ಕೂತಿದ್ದೆ, ಪರದೆಯ ಮೇಲೆ ನಾನು ಬಂದೆ, ದ್ರಾಕ್ಷಾಯಿಣಿ ನನ್ನನ್ನು ಚಿವುಟಿದಳು, ನೋಡವ್ವಾ ನೀನ, ಪರದೆಯ ಮೇಲೆ ಬಾಯಿ ತೆರೆದೆ, ಆ ಬಾಯಿಂದ ಬಂತು, ಕಣ್ಣ ತಗಿಯವ್ವಾ, ಮಾತು ತಿಳಿಯದ ಹಾಗೆ ಎಳೆದು ಹಿಗ್ಗಿಸಿ ನಡುಗಿಸಿದ್ದಾನೆ, ಯಾರಿಗೂ ತಿಳಿಯಲಿಲ್ಲ, ನನಗೆ ತಿಳಿಯಿತು, ಆವತ್ತು ದನಿ ಎಲ್ಲಿ ಮುರಿದಿತ್ತೋ ಅಲ್ಲೇ ಮುರಿಯಿತು. ಜನ ಚೀರಿದರು. ಆಮೇಲೆ ನಕ್ಕರು, ಸೀಟಿ ಹೊಡೆದರು, ಅವ್ವನ ಹೆಣದ ಮುಂದೆ ಸೀಟಿ ಹೊಡೆದರು. ಅಂಗಡಿಯ ಹಿಂದೆ ನಿಂತು ಅದೇ ದನಿ ತೆಗೆದು ಓಡುತ್ತಿದ್ದರು ಹುಡುಗರು, ಎಷ್ಟು ವರ್ಷ. ಫೋನು ಮಾಡಿ ಬೈದೆ, ಹೊಟ್ಟಿಪಾಡು ಅಕ್ಕಾ, ಮುಂದಿನ ಪಿಚ್ಚರಿಗೆ ಹಾಕಂಗಿಲ್ಲ ಅಂದ, ಹಾಕಿದ, ಆನೆಗೊಂದಿಯ ಬಂಡೆಗಳ ನಡುವೆ ಇನ್ನೊಂದು ದೆವ್ವ, ಬಾಯಿ ಬೇರೆಯವಳದು, ದನಿ ಅವ್ವನ ಮುಂದೆ ನಾನು ಅತ್ತದ್ದು. ಮೂರು ದೆವ್ವದ ಪಿಚ್ಚರ್, ಆಮೇಲೆ ಬೆಂಗಳೂರು, ದೊಡ್ಡ ಹೀರೋ, ಅಕ್ಕ ತಮ್ಮನ ಕಥೆ ಮಾಡಿದನಲ್ಲ, ಇಡೀ ರಾಜ್ಯದ ಹೆಂಗಸರು ಸೆರಗು ಒದ್ದೆ ಮಾಡಿಕೊಂಡು ನೋಡಿದರಲ್ಲ, ಆ ಪಿಚ್ಚರಿನ ಮೊದಲಲ್ಲೂ ಅವನ ಕಂಪನಿಯ ಹೆಸರು ಬರುವಾಗ ಅದೇ ಕೂಗು, ಈಗ ಅದೇ ಅವನ ಗುರುತು, ಕೇಳಿದ ಕೂಡಲೇ ಸೀಟಿ. ಟೀವಿಯಲ್ಲಿ ಕೇಳಿದರು, ಸರ್ ಆ ಫೇಮಸ್ ಕೂಗಿನ ರಹಸ್ಯ ಏನು, ಕಾಲ ಮೇಲೆ ಕಾಲು ಹಾಕಿ ಹೇಳಿದ, ನರಿಯ ಕೂಗಿಗೆ ತಗಡು ಉಜ್ಜಿದ ಸದ್ದು ಬೆರೆಸಿದೆ. ನರಿ. ತಗಡು. ಅವನಿಗೆ ರೊಟ್ಟಿ ತಟ್ಟಿ ಹಾಕಿದವಳು ನರಿ ಮತ್ತು ತಗಡು. ಹುಲಿಗಿಗೆ ಹೋಗಿ ಹುಲಿಗೆಮ್ಮನ ಮುಂದೆ ನಿಂತು ಅವನ ಬಾಯಿ ಕಟ್ಟು ತಾಯಿ ಅಂತ ಬೇಡಿಕೊಂಡು ಬಂದೆ, ಆ ತಿಂಗಳೇ ಅವನ ಪಿಚ್ಚರ್ ನೂರು ದಿನ ಓಡಿತು, ಅವಳೂ ನೋಡಿರಬೇಕು. ಅದಕ್ಕೇ ಈಗ ದೇವರನ್ನು ನಡುವೆ ತರುವುದಿಲ್ಲ, ನನ್ನ ಬಾಯಿ ನನಗೆ ಸಾಕು.

ಬಂದ, ಬಂದ, ಎಲ್ಲರೂ ಎದ್ದರು, ಮುರ್ತುಜಾಸಾಬನೂ ಕೆಮ್ಮುತ್ತ ಎದ್ದ, ಗೋವಿಂದರಾಜ ದಪ್ಪಗಾಗಿದ್ದಾನೆ, ಭುಜ ಈಗ ಹದಿನೆಂಟು ಇರಬೇಕು, ಅಳುವಿನಲ್ಲಿ ತಿದ್ದಿಕೊಳ್ಳಬೇಕು, ದೊಡ್ಡ ಕುರ್ಚಿಯಲ್ಲಿ ಕೂರಿಸಿದರು, ಮಾಲೆಯ ಮೇಲೆ ಮಾಲೆ, ಹಣೆಗೆ ಕುಂಕುಮ, ಸುತ್ತ ಮಂದಿ — ಎಲ್ಲ ಸಿದ್ಧವಾಗಿದೆ, ಅಳುವವಳೊಬ್ಬಳು ಬಾಕಿ. ಕರೆದರು ನನ್ನನ್ನು. ಮೆಟ್ಟಿಲು ಮೂರು, ಹತ್ತಿದೆ, ಶಾಲು ಹೊದಿಸಿದೆ, ಅವನು ಎದ್ದು ಬಗ್ಗಿ ನನ್ನ ಕಾಲು ಮುಟ್ಟಿದ, ಚಪ್ಪಾಳೆ, ಮೈಕು ಹಿಡಿದು, ಈ ಅಕ್ಕನ ಮನಿ ರೊಟ್ಟಿ ಉಂಡು ಬೆಳದಾಂವ ನಾನು, ಇಕಿ ಅವ್ವ ಹುಲಗಮ್ಮ ನನಗ ತಾಯಿ ಇದ್ದಂಗ, ಅಂದ, ಅವನ ಬಾಯಲ್ಲಿ ಅವ್ವನ ಹೆಸರು, ಕಣ್ಣಲ್ಲಿ ನೀರು, ನಿಜವಾದ ನೀರು, ಆವತ್ತಿನದೇ. ಹಿಂದಿನ ಸಾಲಿನಿಂದ ಯಾರೋ ಕೂಗಿದ, ದೆವ್ವದ ಕೂಗು ಹಾಕಬೇ ಅಕ್ಕಾ, ನಗು, ಸೀಟಿ, ನಿರೂಪಣೆಯ ಹುಡುಗಿ ನಗುತ್ತಲೇ ಮೈಕನ್ನು ನನ್ನ ಕೈಗಿಟ್ಟಳು, ನಾನು ಕೇಳಬೇಕಾಗಲೂ ಇಲ್ಲ, ಒಂದ್ಸಲ ಅಮ್ಮಾ, ಎಲ್ಲರ ಆಸೆ ಅಂದಳು. ಹಾಕುತ್ತೇನೆ. ಅವನ ಎದುರಿಗೆ ಕೂತೆ, ನೆಲದ ಮೇಲೆ, ಮಂಡಿ ಮಡಚಿ, ಹೆಂಗಸರ ಸಾಲಿನಲ್ಲಿ ನಗು ಥಟ್ಟನೆ ನಿಂತಿತು, ಅವರಿಗೆ ತಿಳಿಯಿತು, ಹೀಗೆ ಯಾರ ಮುಂದೆ ಕೂರುತ್ತಾರೆಂದು ಅವರಿಗೆ ಗೊತ್ತು, ಒಬ್ಬಾಕೆ ಬ್ಯಾಡವ್ವಾ ಅಂದಳು, ಉಸಿರು ಹಿಡಿದೆ, ಅವ್ವ ಹೇಳಿಕೊಟ್ಟ ಕಡೆಯೇ, ಹದಿನಾರಿಂಚಿನ, ಅಲ್ಲ, ಹದಿನೆಂಟಿಂಚಿನ ಭುಜದಾಂವಾ, ದನಿ ಗಂಟಲಿಗೆ ಬಂತು, ಅದೇ ದನಿ, ಆವತ್ತಿನದು, ಹದಿಮೂರು ವರ್ಷ ಬಾರದಿದ್ದದ್ದು, ಬಾಯಿ ತೆರೆದೆ, ಮುಖ ಎತ್ತಿದೆ — ಅವನ ಕಣ್ಣಿಂದ ನೀರು ಇಳಿಯುತ್ತಿದೆ, ಕೈ ಸೊಂಟದ ಹತ್ತಿರ ಇದೆ, ಎರಡು ಬೆರಳು ಎದ್ದಿವೆ. ಅವನ ತಲೆಯ ಮೇಲೆ, ಹಿಂದೆ, ಕ್ಯಾಮೆರಾ, ಅದರಲ್ಲಿ ಕೆಂಪು. ಗುಲಗಂಜಿಯಷ್ಟು. ಇದನ್ನೂ ತೆಗೆದುಕೊಳ್ಳುತ್ತಾನೆ, ನನ್ನ ಸೇಡನ್ನೂ ಎಳೆದು ಹಿಗ್ಗಿಸಿ ಪಿಚ್ಚರಿಗೆ ಹಾಕುತ್ತಾನೆ, ಅವನ ಹೆಸರು ಹಿಡಿದು ಅತ್ತರೂ ನರಿ ಅನ್ನುತ್ತಾನೆ, ತಗಡು ಅನ್ನುತ್ತಾನೆ, ಸೀಟಿ ಹೊಡೆಯುತ್ತಾರೆ, ದನಿ ಕೊಡುವುದಿಲ್ಲ, ಮೈಕನ್ನೂ ಕೊಡುವುದಿಲ್ಲ, ಬಾಯಿ ತೆರೆದೇ ಇದೆ, ಸದ್ದಿಲ್ಲ, ಹಿಡಿ, ಇದನ್ನು ಹಿಡಿ, ಇಷ್ಟೇ ಇರುವುದು, ಬೆರಳು ಇಳಿಸೋ ಗೋವಿಂದರಾಜಾ, ಅವನ ಬೆರಳು ಇಳಿಯುತ್ತಿಲ್ಲ, ಎಲ್ಲಿಯವರೆಗೆ ಕೂರಬೇಕೋ ಕೂರುತ್ತೇನೆ, ಆ ಕೆಂಪು ಆರಿಸು, ಅವ್ವನ ಅರ್ಧ ಅಳು ಗಂಟಲಲ್ಲೇ ಇದೆ, ಅದನ್ನು ಆರಿಸಿದರೆ ಮುಗಿಸುತ್ತೇನೆ, ಆರಿಸೋ, ಗೂಡಿನಲ್ಲಿ, ಅವ್ವನ ತಲೆಯ ಮೇಲೆ, ಕೆಂಪು, ಮಿಣುಕುತ್ತಿದೆ, ಆರಿ ಹತ್ತಿ, ಆರಿ ಹತ್ತಿ, ಕೆಂಪು —