ಕೆಂಪು ಶಾಲಿನ ಬಣ್ಣ

ಅಡುಗೆಮನೆಯಲ್ಲಿ ಟಿಕ್ ಟಿಕ್ ಎಂದಿತು. ಒಲೆ ಹೊತ್ತಿಸುವಾಗಿನ ಕಿಡಿಯ ಸದ್ದು. ಆಮೇಲೆ ಅದೂ ನಿಂತಿತು. ಆ ಮೌನಕ್ಕೇ ಹೆದರಿ ಎದ್ದೆ. ಅಷ್ಟು ರಾತ್ರಿಯಲ್ಲಿ ಎಮ್ರಿಸ್ ಪಕ್ಕದಲ್ಲಿರಲಿಲ್ಲ.

ನನ್ನ ಗಂಡ ಎಮ್ರಿಸ್ ವೇಲ್ಸ್ ದೇಶದವನು. ನಾವಿರುವ ಈ ಸ್ಯಾನ್ ಪೀಡ್ರೊ ಬಂದರಿನ ಕಚೇರಿಯಿಂದ ನಿವೃತ್ತನಾದ ಮೇಲೆ ಮರೆವು ಶುರುವಾಯಿತು. ಇಂಗ್ಲಿಷ್ ಒಂದೊಂದೇ ಮಾತಾಗಿ ಉದುರಿ, ಬಾಲ್ಯದ ಭಾಷೆ ವೆಲ್ಷ್ ಉಳಿಯಿತು. ಅದರಲ್ಲೂ ಒಂದು ಪದ: ಗ್ಲಾಸ್. ನೀರಿನ ಲೋಟಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ಬಣ್ಣ. ಸಮುದ್ರ ಗ್ಲಾಸ್, ಆಕಾಶ ಗ್ಲಾಸ್. ಚಿಗುರಿದ ಹುಲ್ಲೂ ಗ್ಲಾಸ್, ಅವನ ಊರಿನ ಮಾಡಿಗೆ ಹೊದಿಸುವ ಬೂದು ಕಲ್ಲೂ ಗ್ಲಾಸ್.

ಕಳೆದ ಸಲ ಸ್ಯಾನ್ ಡಿಯೇಗೊದಿಂದ ಬಂದಿದ್ದ ಮಗಳು ಪ್ರಣತಿಗೆ ವೆಲ್ಷ್ ಬಾರದು, ಗ್ಲಾಸ್ ಎಂದರೆ ನೀಲಿ ಎಂದಷ್ಟೇ ಗೊತ್ತು. ಅಪ್ಪ ಹುಲ್ಲನ್ನು ನೀಲಿ ಎನ್ನುತ್ತಿದ್ದಾರೆ, ಬಣ್ಣವೂ ಮರೆತುಹೋಯಿತು ಎಂದು ಗಾಬರಿಯಾದಳು. ನಾನು ವಾದಿಸಿದೆ. ಉಡುಪಿಯಲ್ಲಿ ನನ್ನ ಅಜ್ಜಿ ಕಂದು ಹಸುವನ್ನು ಕೆಂಪಿ ಎಂದು ಕರೆಯುತ್ತಿದ್ದರು, ಅಜ್ಜಿಗೂ ಮರೆವಿತ್ತೇ? ಬಣ್ಣಗಳ ನಡುವೆ ಒಂದೊಂದು ಭಾಷೆ ಒಂದೊಂದು ಕಡೆ ಗೆರೆ ಎಳೆಯುತ್ತದೆ.

"ಅಮ್ಮ, ಯು ಸೌಂಡ್ ಲೈಕ್ ಹಿಸ್ ಲಾಯರ್," ಎಂದಳು.

ಆದರೂ ಅವಳ ಷರತ್ತಿಗೆ ಒಪ್ಪಿದ್ದೆ. ಮನೆಯಲ್ಲಿ ಏನಾದರೂ ಅಪಾಯವಾದರೆ ಮುಚ್ಚಿಡಬಾರದು, ಅವನನ್ನು ಸ್ಯಾನ್ ಡಿಯೇಗೊದ ಆರೈಕೆ ಕೇಂದ್ರಕ್ಕೆ ಸೇರಿಸಬೇಕು. ಅಲ್ಲಿ ಅವನ ಮಾತು ತಿಳಿಯುವವರು ಒಬ್ಬರೂ ಇಲ್ಲ.

ಆ ರಾತ್ರಿ ಎದ್ದು ಬಂದಾಗ ಗ್ಯಾಸಿನ ವಾಸನೆ ಹಜಾರಕ್ಕೇ ಬಂದಿತ್ತು. ಒಲೆಯ ನಾಬ್ ಪೂರ್ತಿ ತಿರುಗಿತ್ತು, ಬೆಂಕಿಯಿರಲಿಲ್ಲ. ಅವನು ತಣ್ಣನೆಯ ಒಲೆಯ ಮೇಲೆ ಕೈ ಕಾಯಿಸಿಕೊಳ್ಳುತ್ತಿದ್ದ. ಗ್ಯಾಸ್ ನಿಲ್ಲಿಸಿದೆ, ಕಿಟಕಿಗಳನ್ನೆಲ್ಲ ತೆರೆದೆ. ಬಂದರಿನ ಚಳಿ ನುಗ್ಗಿತು. ನನ್ನ ಕೆಂಪು ಶಾಲನ್ನು ಅವನಿಗೆ ಹೊದಿಸಿದೆ.

ಅದರ ಅಂಚು ಹಿಡಿದು ನೋಡಿ, "ಗ್ಲಾಸ್," ಎಂದ.

ಕೆಂಪಿಗೆ ಅವರಲ್ಲಿ ಬೇರೆ ಪದವಿದೆ, ಕೋಖ್. ಇದೇ ಶಾಲಿಗೆ ಅವನೇ ಎಷ್ಟೋ ಸಲ ಹಾಗೆ ಹೇಳಿದ್ದ. ಟೊಮೆಟೊ ತಂದು ತೋರಿಸಿದೆ. ಗ್ಲಾಸ್. ಅವನ ಬೆರಳನ್ನು ನನ್ನ ಹಣೆಯ ಕುಂಕುಮಕ್ಕೆ ಮುಟ್ಟಿಸಿದೆ. ಗ್ಲಾಸ್, ಎಂದು ನನ್ನ ಮುಖ ನೋಡಿದ, ಸರಿ ಉತ್ತರ ಹೇಳಿದೆನೇ ಎಂಬಂತೆ. ಯಾವ ಭಾಷೆಯ ಗೆರೆಯೂ ಅಷ್ಟು ದೂರ ಹೋಗುವುದಿಲ್ಲ. ನನ್ನ ಬಳಿ ವಾದ ಉಳಿದಿರಲಿಲ್ಲ.

ಬೆಳಿಗ್ಗೆ ಪ್ರಣತಿಯ ಫೋನು ಬಂತು. ಒಲೆಯಿಂದ ಕಿತ್ತ ನಾಬ್‌ಗಳು ನನ್ನ ಮಡಿಲಲ್ಲಿದ್ದವು.

"ಚೆನ್ನಾಗಿ ಮಲಗಿದ್ರು," ಎಂದೆ.

ಶನಿವಾರ ಬರುತ್ತೇನೆ ಎಂದಳು. ಅಷ್ಟರೊಳಗೆ ಶಾಲು, ಟೊಮೆಟೊ, ಮನೆಯಲ್ಲಿರುವ ಕೆಂಪನ್ನೆಲ್ಲ ಅವಳೆದುರು ಅವನ ಕಣ್ಣಿಗೆ ಬೀಳದಂತೆ ಒಳಗಿಡಬೇಕು. ಹಣೆಯನ್ನೂ ಒರೆಸಿಕೊಂಡೆ. ರಾತ್ರಿ ಆದದ್ದನ್ನು ಅವಳಿಗೂ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.