ಬೆಂಕಿಬೆಟ್ಟಕ್ಕೆ ಒಬ್ಬಳೇ

ನಮ್ಮ ಹೊನ್ನವಳ್ಳಿಯವರನ್ನು ಚಂದ್ರಲೋಕಕ್ಕೆ ಕರೆದುಕೊಂಡು ಹೋದರೂ ಅಲ್ಲಿ ತೆಂಗು ಬರುತ್ತದೋ ಇಲ್ಲವೋ ಅಂತಲೇ ಮೊದಲು ನೋಡುತ್ತಾರೆ. ನನ್ನ ಗಂಡ ಪರಮೇಶ್ ಅದರಲ್ಲಿ ಎಲ್ಲರಿಗಿಂತ ಮುಂದು. ಇಂಥವರನ್ನು ಜೊತೆಗಿಟ್ಟುಕೊಂಡು ನಾನು ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋದದ್ದು ಜ್ವಾಲಾಮುಖಿ ನೋಡಲಿಕ್ಕೆ.

ನಾನು ಬಿ.ಎಸ್ಸಿ.ಯಲ್ಲಿ ಜಿಯಾಲಜಿ ಓದಿದವಳು. ಎಂ.ಎಸ್ಸಿ. ಸೀಟು ಸಿಕ್ಕ ವರ್ಷವೇ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಈಗ ತಿಪಟೂರಿನ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತೇನೆ. ಜ್ವಾಲಾಮುಖಿಯ ಪಾಠ ಬಂದಾಗಲೆಲ್ಲ ಮಕ್ಕಳು, ಮಿಸ್ ನೀವು ನೋಡಿದೀರಾ ಎಂದು ಕೇಳುತ್ತಾರೆ. ಇಲ್ಲ ಅನ್ನುವಾಗ ಹೊಟ್ಟೆ ಉರಿಯುತ್ತದೆ. ನಾನು ಕಂಡಿದ್ದು ಕಾಲೇಜಿನ ಲ್ಯಾಬಿನಲ್ಲಿದ್ದ ಬೆಂಕಿಪೊಟ್ಟಣದಷ್ಟು ಲಾವಾ ಕಲ್ಲು ಮಾತ್ರ.

ಊರಿನ ಹತ್ತು ಹನ್ನೆರಡು ಜನರನ್ನು ಟೂರು ಕರೆದುಕೊಂಡು ಹೋಗಿದ್ದ ಶಿವಮೂರ್ತಿ, ಬೆಟ್ಟ ಕೊನೆಯ ದಿನ ಮಧ್ಯಾಹ್ನಕ್ಕೆ ಎಂದಿದ್ದರು. ಅಲ್ಲಿಯವರೆಗೆ ದೇವಸ್ಥಾನ, ಅಂಗಡಿ ಎಲ್ಲವನ್ನೂ ಸಹಿಸಿಕೊಂಡೆ.

ಕೊನೆಯ ದಿನ ಬೆಳಿಗ್ಗೆ ಹೋಟೆಲಿನ ಎದುರಿನ ಕಡಲತೀರಕ್ಕೆ ಹೋದೆವು. ಮರಳು ಇದ್ದಿಲಿನ ಪುಡಿಯಂತೆ ಕಪ್ಪು. ಬೆಟ್ಟ ಉಗುಳಿದ ಕಲ್ಲೇ ಸವೆದು ಹೀಗಾಗಿದೆ ಎಂದು ಹೇಳೋಣವೆಂದು ತಿರುಗಿದರೆ ಪಕ್ಕದಲ್ಲಿ ಗಂಡ ಇಲ್ಲ. ದಡದ ಮೇಲಿನ ತೆಂಗಿನ ತೋಟದೊಳಗೆ ಹೊಕ್ಕಿದ್ದರು.

ನಮ್ಮ ಕಡೆ ತೋಟದಲ್ಲಿ ನಡೆಯುವಾಗ ಬಿದ್ದ ಕಾಯಿ ಕಂಡರೆ ಯಾರೂ ದಾಟಿಕೊಂಡು ಹೋಗುವುದಿಲ್ಲ. ಎತ್ತಿ ರಾಶಿಗೆ ಹಾಕಿಯೇ ಮುಂದೆ ಹೋಗುತ್ತಾರೆ. ತೋಟ ಯಾರದ್ದೆಂದು ಕೈ ಕೇಳುವುದಿಲ್ಲ. ನಾವು ಹೋಗಿ ನೋಡುವಷ್ಟರಲ್ಲಿ ಇವರು ಒಂದು ಮರದ ಬುಡದಲ್ಲಿ ಮೊಣಕಾಲೆತ್ತರ ರಾಶಿ ಹಾಕಿದ್ದರು. ಎದುರಿಗೆ ತೋಟದ ಯಜಮಾನ ಕತ್ತಿ ಹಿಡಿದು ನಿಂತಿದ್ದ. ಪರದೇಶದಲ್ಲಿ ಕಾಯಿ ಕಳ್ಳನ ಹೆಂಡತಿ ಅನ್ನಿಸಿಕೊಂಡೆನಲ್ಲ ಎಂದು ಮುಖ ಮುಚ್ಚಿಕೊಳ್ಳುವಂತಾಯಿತು.

ನಮ್ಮ ವ್ಯಾನಿನ ಡ್ರೈವರ್ ಬಂದು ಅವರ ಭಾಷೆಯಲ್ಲಿ ಸಮಾಧಾನ ಹೇಳಿದ. ಇವರು ಮೊಬೈಲಿನಲ್ಲಿ ನಮ್ಮ ಅಟ್ಟದ ವಿಡಿಯೋ ತೋರಿಸಿದರು. ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಕಾಯಿ ಒಣಗುವ ಅಟ್ಟ. ಯಜಮಾನ ಕತ್ತಿ ಕೆಳಗಿಟ್ಟ. ಅವರ ಕಡೆ ಕಾಯಿ ಒಡೆದು ಹೊಗೆಯಲ್ಲಿ ಒಣಗಿಸುತ್ತಾರಂತೆ. ಬಾ ತೋರಿಸುತ್ತೇನೆ ಎಂದು ಕೈ ಹಿಡಿದು ಕರೆದುಕೊಂಡು ಹೋದ. ಅಲ್ಲಿಗೆ ನನ್ನ ಗಂಡ ಕೈತಪ್ಪಿದರು.

ಬೆಟ್ಟದ ದಾರಿಯ ಗೇಟು ಮಧ್ಯಾಹ್ನ ಮೂರಕ್ಕೆ ಹಾಕಿಬಿಡುತ್ತಾರೆ ಎಂದು ಡ್ರೈವರ್ ಅವಸರ ಮಾಡಿದ. ಇವರು, ಇನ್ನೊಂದು ಸ್ವಲ್ಪ ಹೊತ್ತು, ಎಂದರು. ಉಳಿದವರೆಲ್ಲ ಎಳನೀರು ಕುಡಿದು ನೆರಳಿಗೆ ಒರಗಿದ್ದರು. ಬೆಟ್ಟ ಇಲ್ಲಿಂದಲೇ ಕಾಣುತ್ತಲ್ಲ, ಅಲ್ಲಿರುವುದು ಬರೀ ಕಲ್ಲು ತಾನೇ, ಎಂದರು ಶಿವಮೂರ್ತಿ. ಎಲ್ಲರೂ ಹೌದೆಂದರು.

ಮೈಯೆಲ್ಲ ಉರಿದುಹೋಯಿತು. ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತು, ನಡಿ ಎಂದು ಡ್ರೈವರನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಇವರು ಕಿಟಕಿಯ ಹತ್ತಿರ ಓಡಿಬಂದರು.

“ಒಬ್ಳೇ ಹೆಂಗ್ ಹೋಯ್ತೀಯೇ?”

“ವ್ಯಾನಲ್ಲಿ.”

ಮದುವೆಯಾದ ಮೇಲೆ ತಿಪಟೂರಿನಿಂದಾಚೆಗೆ ನಾನು ಒಬ್ಬಳೇ ಹೋಗಿದ್ದಿಲ್ಲ. ಅರ್ಧ ದಾರಿಯವರೆಗೆ ಬ್ಯಾಗನ್ನು ಅಪ್ಪಿಕೊಂಡೇ ಕುಳಿತಿದ್ದೆ.

ಗೇಟು ಹಾಕುವ ಮೊದಲೇ ತಲುಪಿದೆವು. ಬೆಟ್ಟದ ಬುಡದಿಂದ ಕೆಳಗಿನ ಕೆರೆಯೊಂದರ ಅಂಚಿನವರೆಗೆ ಕಪ್ಪು ಕಲ್ಲು, ಉತ್ತು ಬಿಟ್ಟ ಹೊಲದಂತೆ ಹೆಂಟೆಹೆಂಟೆಯಾಗಿ. ಒಂದು ಕಾಲದಲ್ಲಿ ಹರಿದು ಬಂದ ಬೆಂಕಿ ಎಲ್ಲಿ ಮಡಚಿತೋ ಎಲ್ಲಿ ನಿಂತಿತೋ ಅದೆಲ್ಲ ಹಾಗೇ ಇತ್ತು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದನ್ನು ಕೈಯಿಂದ ಮುಟ್ಟಿದೆ. ಚೂಪಾದ ಅಂಚಿಗೆ ಬೆರಳು ಕೊಯ್ದುಕೊಂಡಿತು. ಮೇಲೆ ಹತ್ತಿದಲ್ಲಿ ಒಂದು ಬಿರುಕಿನಿಂದ ಹಬೆ ಬರುತ್ತಿತ್ತು. ಪಕ್ಕದ ಬಂಡೆಯ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು. ಅಲ್ಲೇ ಕುಳಿತು ಅತ್ತೆ. ಸಂತೋಷಕ್ಕೂ ಅತ್ತೆ, ಬಿಟ್ಟ ಓದಿಗೂ ಅತ್ತೆ. ಡ್ರೈವರ್ ಆಚೆ ತಿರುಗಿಕೊಂಡ.

ಸಂಜೆ ಹಿಂತಿರುಗಿದಾಗ ಇವರು ಹೋಟೆಲಿನ ಮುಂದೆ ನಿಂತಿದ್ದರು. ಊಟ ಮಾಡಿರಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಫೋನು ಕೊಡು, ಫೋಟೋ ನೋಡೋಣ, ಎಂದರು. ಫೋನು ಬ್ಯಾಗಿನಿಂದ ಈಚೆಗೇ ಬಂದಿರಲಿಲ್ಲ.

“ಒಂದೂ ತೆಗೀಲಿಲ್ವಾ? ಅಷ್ಟ್ ದೂರ ಹೋಗಿ? ಊರಿಗೆ ಹೋಗಿ ಏನ್ ತೋರಿಸ್ತೀಯಾ?”

“ತೋರ್ಸಕ್ ಹೋಗಿರ್ಲಿಲ್ಲ ಕಣ್ರೀ. ನಾನ್ ನೋಡಕ್ ಹೋಗಿದ್ದೆ.”